ಅಂತಾರಾಷ್ಟ್ರೀಯ ಆಸ್ಟಿಯೋಪಥಿ ಕಾಲೇಜು ಕಟ್ಟುವುದು ಹೇಗೆ: ಸೀಟಿನ ಲೆಕ್ಕ ರೋಗಿಗಳಿಂದ ಶುರುವಾಗಲಿ

ಆಸ್ಟಿಯೋಪಥಿ, ಅಂದರೆ ಮುಖ್ಯವಾಗಿ ಸ್ನಾಯು, ಮೂಳೆ, ಕೀಲುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಮಾಡುವ ಪದ್ಧತಿ. ಅದರ ಕಾಲೇಜು ತೆರೆಯಲು ಹೊರಟವರು ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ಪಠ್ಯಕ್ರಮ ಬರೆಸುತ್ತಾರೆ, ಕೊನೆಗೆ ಪ್ರವೇಶದ ಜಾಹೀರಾತು ಕೊಡುತ್ತಾರೆ. ರೋಗಿಗಳು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆ ಏಳುವುದು ಮೂರನೇ ವರ್ಷದಲ್ಲಿ, ವಿದ್ಯಾರ್ಥಿಗಳು ಕ್ಲಿನಿಕ್ಕಿಗೆ ಕಾಲಿಡುವ ಹೊತ್ತಿಗೆ. ಅಷ್ಟರಲ್ಲಿ ಸೀಟುಗಳೆಲ್ಲ ತುಂಬಿ, ಶುಲ್ಕವೂ ಖರ್ಚಾಗಿರುತ್ತದೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ವರ್ಷಕ್ಕೆ ಎಷ್ಟು ಹೊಸ ರೋಗಿಗಳು ಬರಬಲ್ಲರು ಎಂಬುದು ಮೊದಲು ಗೊತ್ತಾಗಬೇಕು. ಸೀಟು, ಕೋಣೆ, ಟ್ಯೂಟರ್, ಶುಲ್ಕ ಎಲ್ಲವೂ ಆ ಸಂಖ್ಯೆಯಿಂದಲೇ ಹೊರಡಬೇಕು.

ಹಿಂದೆ ಈ ಕೊರತೆಗೆ ಇಡೀ ವೃತ್ತಿಯೇ ಬೆಲೆ ತೆತ್ತಿದೆ. ಆಸ್ಟಿಯೋಪಥಿಯ ಜನಕ ಆಂಡ್ರ್ಯೂ ಟೇಲರ್ ಸ್ಟಿಲ್ ಅಮೆರಿಕದ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದದ್ದು 1892ರಲ್ಲಿ. ಅಮೆರಿಕದ ವೈದ್ಯಕೀಯ ಶಿಕ್ಷಣವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್ನರ್ ವರದಿ ಅಲ್ಲಿನ ಆಸ್ಟಿಯೋಪಥಿ ಶಾಲೆಗಳ ಪ್ರಯೋಗಾಲಯ ಮತ್ತು ಕ್ಲಿನಿಕಲ್ ಸೌಲಭ್ಯಗಳನ್ನು ಕಟುವಾಗಿ ಟೀಕಿಸಿತು. ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪಥಿ ಸ್ಥಾಪಿಸಿದರು. 1935ರಲ್ಲಿ ಬ್ರಿಟನ್ನಿನ ಮೇಲ್ಮನೆಯ ಸಮಿತಿಯ ಮುಂದೆ ನೋಂದಣಿ ಮಸೂದೆ ಬಂದಾಗ ಆ ಶಾಲೆಯ ಗುಣಮಟ್ಟವೇ ಪ್ರಶ್ನೆಗೆ ಒಳಗಾಯಿತು, ಮಸೂದೆ ಬಿದ್ದುಹೋಯಿತು. ಶಾಸನಬದ್ಧ ನೋಂದಣಿ ಬಂದದ್ದು 1993ರ ಆಸ್ಟಿಯೋಪಾತ್ಸ್ ಕಾಯ್ದೆಯಿಂದ, ಅಂದರೆ 58 ವರ್ಷಗಳ ನಂತರ. ಅದೇ ಶಾಲೆ 2017ರಲ್ಲಿ ಯೂನಿವರ್ಸಿಟಿ ಕಾಲೇಜ್ ಆಫ್ ಆಸ್ಟಿಯೋಪಥಿ ಆಯಿತು, 2024ರಲ್ಲಿ ಹೆಲ್ತ್ ಸೈನ್ಸಸ್ ಯೂನಿವರ್ಸಿಟಿಯಲ್ಲಿ ವಿಲೀನವಾಯಿತು.

ಯಾವ ಆಸ್ಟಿಯೋಪಥಿ, ಯಾವ ದೇಶದ ನೋಂದಣಿ?

ಕಾಗದದ ಮೇಲೆ ಏನನ್ನೂ ಬರೆಯುವ ಮೊದಲು ಇದನ್ನು ತೀರ್ಮಾನಿಸಿ. ಜಗತ್ತಿನಲ್ಲಿ ಒಂದೇ ಹೆಸರಿನ ಎರಡು ವೃತ್ತಿಗಳಿವೆ. ಅಮೆರಿಕದಲ್ಲಿ ಡಿಒ (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಪಡೆದವರು ಪೂರ್ಣ ಪ್ರಮಾಣದ ವೈದ್ಯರು. ಅವರು ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅವರ ಕಾಲೇಜುಗಳಿಗೆ ಕೋಕಾ ಎಂಬ ಆಯೋಗ ಮಾನ್ಯತೆ ಕೊಡುತ್ತದೆ. ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದೆಡೆ ಆಸ್ಟಿಯೋಪಾತ್ ಎಂದರೆ ಮುಖ್ಯವಾಗಿ ಕೈಯಿಂದ ಪರೀಕ್ಷಿಸಿ ಕೈಯಿಂದ ಚಿಕಿತ್ಸೆ ಮಾಡುವವರು. ಎರಡನೆಯ ಬಗೆಯ ಕಾಲೇಜಿನಲ್ಲಿ ಓದಿದವರು ಅಮೆರಿಕದಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲಾರರು. ಈ ಮಾತು ಪ್ರವೇಶ ಅರ್ಜಿಯ ಮೊದಲ ಪುಟದಲ್ಲೇ ಇರಬೇಕು. ನಾಲ್ಕು ವರ್ಷ ಓದಿ, ಸಾಲ ಮಾಡಿ, ಕೊನೆಗೆ ಇದನ್ನು ತಿಳಿದುಕೊಳ್ಳುವ ವಿದ್ಯಾರ್ಥಿಗೆ ಆಗುವ ಅನ್ಯಾಯ ಸಣ್ಣದಲ್ಲ.

ಕಾಲೇಜು ಎಲ್ಲ ದೇಶಗಳ ವಿದ್ಯಾರ್ಥಿಗಳನ್ನು ಕರೆಯಬಹುದು, ಆದರೆ ಪದವಿಗೆ ಒಂದು ಮುಖ್ಯ ನೋಂದಣಿ ಸಂಸ್ಥೆ ಬೇಕೇ ಬೇಕು. ಬ್ರಿಟನ್ನಿನಲ್ಲಿ ಅದು ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್, ಆಸ್ಟ್ರೇಲಿಯಾದಲ್ಲಿ ಆಸ್ಟಿಯೋಪಥಿ ಬೋರ್ಡ್. ಡೆನ್ಮಾರ್ಕ್ ಮತ್ತು ಇಟಲಿ 2018ರಲ್ಲಿ ಈ ವೃತ್ತಿಗೆ ಕಾನೂನಿನ ಮನ್ನಣೆ ಕೊಟ್ಟವು. ಜರ್ಮನಿಯಲ್ಲಿ ಆಸ್ಟಿಯೋಪಾತ್ ಎಂಬ ಪ್ರತ್ಯೇಕ ಶಾಸನಬದ್ಧ ವೃತ್ತಿಯೇ ಇಲ್ಲ. ಹಾಗಾಗಿ ನಿಮ್ಮಲ್ಲಿಗೆ ವಿದ್ಯಾರ್ಥಿಗಳು ಬರುವ ಪ್ರತಿ ದೇಶಕ್ಕೂ ನಾಲ್ಕು ಕಾಲಮ್ಮಿನ ಒಂದು ಪಟ್ಟಿ ಮಾಡಿ: ವೃತ್ತಿಗೆ ಕಾನೂನು ಇದೆಯೇ, ಆಸ್ಟಿಯೋಪಾತ್ ಎಂಬ ಹೆಸರನ್ನು ಯಾರು ಬಳಸಬಹುದು, ವಿದೇಶಿ ಪದವಿಗೆ ಹೆಚ್ಚುವರಿ ಪರೀಕ್ಷೆ ಇದೆಯೇ, ಕನಿಷ್ಠ ಗಂಟೆಗಳೆಷ್ಟು. ವರ್ಷಕ್ಕೊಮ್ಮೆ ಒಬ್ಬ ಗೊತ್ತುಪಡಿಸಿದ ಸಿಬ್ಬಂದಿ ಅದನ್ನು ಪರಿಶೀಲಿಸಿ ದಿನಾಂಕ ಹಾಕಲಿ.

ಗಂಟೆಗಳ ಹಂಚಿಕೆ

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಎರಡು ಮಾರ್ಗಗಳಿವೆ. ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ 4200 ಗಂಟೆ, ಅದರಲ್ಲಿ ಕನಿಷ್ಠ 1000 ಗಂಟೆ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ. ಈಗಾಗಲೇ ಆರೋಗ್ಯ ವೃತ್ತಿಯಲ್ಲಿರುವವರಿಗೆ ಇದಕ್ಕಿಂತ ಚಿಕ್ಕದಾದ ಎರಡನೇ ಮಾರ್ಗ. 2015ರ ಯುರೋಪಿಯನ್ ಮಾನಕ ಇಎನ್ 16686 ಮೊದಲ ಮಾರ್ಗಕ್ಕೆ 4800 ಗಂಟೆ ಕೇಳುತ್ತದೆ. ಫ್ರಾನ್ಸ್ 2014ರಿಂದ ಐದು ವರ್ಷಗಳಲ್ಲಿ 4860 ಗಂಟೆ, ಅದರಲ್ಲಿ 1500 ಗಂಟೆ ಕ್ಲಿನಿಕ್, ಜೊತೆಗೆ 150 ಪೂರ್ಣ ಸಮಾಲೋಚನೆ ಕೇಳುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಅತಿ ಕಠಿಣ ದೇಶಕ್ಕೆ ಹೊಂದುವಂತೆ ಪಠ್ಯಕ್ರಮ ರಚಿಸುವುದು ಲೇಸು. ನಾಲ್ಕು ವರ್ಷದ ಕೋರ್ಸನ್ನು ಆಮೇಲೆ ಐದಕ್ಕೆ ಎಳೆಯುವುದು ಬಹಳ ಕಷ್ಟ.

4200 ಗಂಟೆಗಳನ್ನು ಹೀಗೆ ಹಂಚಬಹುದು: ಅಂಗರಚನಾಶಾಸ್ತ್ರ 500, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನ 300, ರೋಗಶಾಸ್ತ್ರ ಮತ್ತು ವೈದ್ಯಶಾಸ್ತ್ರ 450, ರೋಗಪರೀಕ್ಷೆ ಮತ್ತು ರೋಗನಿರ್ಣಯ 350, ಆಸ್ಟಿಯೋಪಥಿಯ ತತ್ವ 200, ಸ್ಪರ್ಶಪರೀಕ್ಷೆ ಮತ್ತು ಚಿಕಿತ್ಸಾ ತಂತ್ರ 900, ಬಯೋಮೆಕ್ಯಾನಿಕ್ಸ್ 150, ಸಂವಹನ, ನೀತಿ, ಕಾನೂನು ಸೇರಿ 150, ಸಂಶೋಧನಾ ವಿಧಾನ 200, ಕ್ಲಿನಿಕ್ 1000. ಹೊಸ ಕಾಲೇಜುಗಳಲ್ಲಿ ಮೊದಲು ಕತ್ತರಿ ಬೀಳುವುದು ರೋಗನಿರ್ಣಯದ ಗಂಟೆಗಳಿಗೆ. ಸೊಂಟನೋವಿನ ಹಿಂದೆ ಅಡಗಿರುವ ಕ್ಯಾನ್ಸರ್, ಮೂಳೆಮುರಿತ, ಸೋಂಕು, ಮಹಾಪಧಮನಿಯ ಉಬ್ಬು ಇವನ್ನು ಗುರುತಿಸಿ ರೋಗಿಯನ್ನು ಆಸ್ಪತ್ರೆಗೆ ಕಳುಹಿಸಬಲ್ಲವರಷ್ಟೇ ಸ್ವತಂತ್ರವಾಗಿ ಚಿಕಿತ್ಸೆ ಮಾಡಬಲ್ಲರು. ಆ 350 ಗಂಟೆ ಹೆಚ್ಚಾದರೂ ಸರಿ, ಕಡಿಮೆ ಆಗಬಾರದು.

ಪುಸ್ತಕದ ವಿಷಯಗಳನ್ನು ಆನ್‌ಲೈನ್ ಕಲಿಸಬಹುದು. ಸ್ಪರ್ಶ, ರೋಗಪರೀಕ್ಷೆ, ತಂತ್ರ ಇವನ್ನು ಮಾತ್ರ ಎದುರೆದುರು ಕೈಹಿಡಿದೇ ಕಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವೂ ಇದನ್ನೇ ಹೇಳುತ್ತದೆ.

ಬೋಧನಾ ಕ್ಲಿನಿಕ್ಕಿನ ಲೆಕ್ಕ

ಬ್ರಿಟನ್ನಿನ ಮಾರ್ಗಸೂಚಿ ಪ್ರತಿ ವಿದ್ಯಾರ್ಥಿಗೆ 1000 ಕ್ಲಿನಿಕಲ್ ಗಂಟೆ ಮತ್ತು ಕನಿಷ್ಠ 50 ಹೊಸ ರೋಗಿಗಳನ್ನು ನಿರೀಕ್ಷಿಸುತ್ತದೆ. ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಮೊದಲ ಎರಡು ವರ್ಷ ಕೇವಲ ವೀಕ್ಷಣೆಗೆ 100 ಗಂಟೆ ಹೋದರೆ, ಕೊನೆಯ ಎರಡು ವರ್ಷಕ್ಕೆ 900 ಉಳಿಯುತ್ತದೆ. ಹೊಸ ರೋಗಿಗೆ ಒಂದೂವರೆ ಗಂಟೆ, ಮರುಭೇಟಿಗೆ ಮುಕ್ಕಾಲು ಗಂಟೆ, ಪ್ರತಿ ರೋಗಿಯೂ ಸರಾಸರಿ ಮೂರು ಸಲ ಮರಳಿ ಬರುತ್ತಾರೆ ಎಂದಿಟ್ಟುಕೊಳ್ಳಿ. 50 ಹೊಸ ರೋಗಿಗಳಿಂದ 75 ಗಂಟೆ, 150 ಮರುಭೇಟಿಗಳಿಂದ 112.5 ಗಂಟೆ, ಒಟ್ಟು 187.5. ಸಹಪಾಠಿಯ ರೋಗಿಯ ಪಕ್ಕ ನಿಂತು ನೋಡುವ ಅಷ್ಟೇ ಗಂಟೆ ಸೇರಿಸಿದರೂ 375. ಮಿಕ್ಕ 525 ಗಂಟೆ ವಿದ್ಯಾರ್ಥಿ ಏನು ಮಾಡುತ್ತಾನೆ? ಕಾಯುವ ಕೋಣೆಯಲ್ಲಿ ಕೂತು ಹಾಜರಿ ಹಾಕಿಸಿಕೊಳ್ಳುತ್ತಾನೆ. ಕಾಗದದಲ್ಲಿ ಸಾವಿರ ಗಂಟೆ ತುಂಬುತ್ತದೆ, ಕೈಗೆ ಮಾತ್ರ ಪಳಗುವಿಕೆ ಬರುವುದಿಲ್ಲ.

ಹಾಗಾಗಿ ಕನಿಷ್ಠ 50 ಇದ್ದರೂ ಯೋಜನೆಯ ಗುರಿ 100 ಇರಲಿ. ಆಗ ಸ್ವಂತ ರೋಗಿಗಳಿಂದ 375, ಜೊತೆಗಾರನಾಗಿ 375, ಉಳಿದ 150 ಗಂಟೆ ಕೇಸ್ ಚರ್ಚೆ ಮತ್ತು ದಾಖಲೆ ಬರೆಯುವುದಕ್ಕೆ. ಲೆಕ್ಕ ಕೂಡಿಬರುತ್ತದೆ.

ಈಗ ಬ್ಯಾಚಿನಲ್ಲಿ 24 ಜನರಿದ್ದರೆ ಎಷ್ಟು ಬೇಕು? ಕಾಲೇಜು ಪೂರ್ತಿ ನಡೆಯತೊಡಗಿದ ಮೇಲೆ ಕೊನೆಯ ಎರಡು ವರ್ಷದ ಎರಡು ಬ್ಯಾಚುಗಳು ಒಟ್ಟಿಗೆ ಕ್ಲಿನಿಕ್ಕಿನಲ್ಲಿರುತ್ತವೆ, ಹಾಗಾಗಿ ವರ್ಷಕ್ಕೆ 2400 ಹೊಸ ರೋಗಿಗಳು, 7200 ಮರುಭೇಟಿಗಳು, ಒಟ್ಟು 9600. ವರ್ಷಕ್ಕೆ 48 ವಾರ, ವಾರಕ್ಕೆ ಐದು ದಿನ ಬಾಗಿಲು ತೆರೆದರೆ 240 ದಿನ. ದಿನಕ್ಕೆ 40 ಭೇಟಿ. ಕೋಣೆ ಬಳಕೆ ವರ್ಷಕ್ಕೆ 9000 ಗಂಟೆ. ಒಂದು ಕೋಣೆ ದಿನಕ್ಕೆ ಎಂಟು ಗಂಟೆಯಂತೆ 1920 ಗಂಟೆ ಲಭ್ಯವಿದ್ದರೂ, ಬಾರದೆ ಹೋಗುವವರು, ತಡವಾಗಿ ಬರುವವರು, ಖಾಲಿ ಬೆಳಗುಗಳು ಎಲ್ಲ ಕಳೆದರೆ ಶೇ 65ಕ್ಕಿಂತ ಹೆಚ್ಚು ತುಂಬುತ್ತದೆಂದು ನಂಬಬೇಡಿ. ಅಂದರೆ ಕೋಣೆಗೆ 1248 ಗಂಟೆ, ಒಟ್ಟು ಎಂಟು ಕೋಣೆ. ನಾಲ್ಕು ಕೋಣೆಗೆ ಒಬ್ಬರಂತೆ ಯಾವಾಗಲೂ ಇಬ್ಬರು ಟ್ಯೂಟರ್ ಇರಬೇಕು: ವರ್ಷಕ್ಕೆ 3840 ಟ್ಯೂಟರ್ ಗಂಟೆ. ವಾರಕ್ಕೆ 20 ಗಂಟೆ, ವರ್ಷಕ್ಕೆ 46 ವಾರ ಕೆಲಸ ಮಾಡುವ ಟ್ಯೂಟರ್ ಕೊಡುವುದು 920. ನಾಲ್ಕು ಜನ ಸಾಲದು. ರಜೆ, ಕಾಯಿಲೆ ಸೇರಿಸಿದರೆ ಆರು ಜನರನ್ನು ನೇಮಿಸಿ.

ದಿನಕ್ಕೆ 40 ಭೇಟಿ ನಿಮ್ಮ ಸ್ಥಳದಲ್ಲಿ ಸಾಧ್ಯವಿಲ್ಲ ಎನಿಸಿದರೆ ಸೀಟು ಕಡಿಮೆ ಮಾಡಿ. 12 ಸೀಟಿನ ಒಳ್ಳೆಯ ಕಾಲೇಜು 24 ಸೀಟಿನ ಖಾಲಿ ಕ್ಲಿನಿಕ್ಕಿಗಿಂತ ಎಷ್ಟೋ ಮೇಲು.

ರೋಗಿಗಳ ಸಂಖ್ಯೆಯಷ್ಟೇ ಮುಖ್ಯ ಅವರ ವೈವಿಧ್ಯ. ಬಿಟ್ಟುಬಿಟ್ಟರೆ ಸೊಂಟನೋವು ಮತ್ತು ಕುತ್ತಿಗೆನೋವೇ ಬಹುಪಾಲು ತುಂಬಿಕೊಳ್ಳುತ್ತದೆ. ಗರ್ಭಿಣಿಯರು, ಮಕ್ಕಳು, ವೃದ್ಧರು, ಕ್ರೀಡಾಪಟುಗಳು, ದೀರ್ಘಕಾಲದ ನೋವಿನವರು ಇವರಿಗೆ ವಾರದಲ್ಲಿ ಒಂದೊಂದು ಹೊತ್ತು ಪ್ರತ್ಯೇಕ ಕ್ಲಿನಿಕ್ ಇಡಿ. ಪ್ರತಿ ವಿದ್ಯಾರ್ಥಿಯ ಲಾಗ್‌ಬುಕ್ಕನ್ನು ತಿಂಗಳಿಗೊಮ್ಮೆ ತೆರೆದು, ಯಾವ ವಯಸ್ಸು, ಯಾವ ಅಂಗ, ಯಾವ ಬಗೆಯ ತೊಂದರೆ ಕಾಣಲಿಲ್ಲ ಎಂದು ನೋಡಿ ಮುಂದಿನ ರೋಗಿಯನ್ನು ಹಂಚಿ. ಈ ಹಂಚಿಕೆಯನ್ನು ಸ್ವಾಗತ ಕೌಂಟರಿನವರ ಪಾಲಿಗೆ ಬಿಟ್ಟರೆ ಚುರುಕಾದ ನಾಲ್ಕು ಜನರಿಗೆ ರೋಗಿಗಳು, ಉಳಿದವರಿಗೆ ಕಾಯುವ ಕೆಲಸ.

ರಜೆಯ ವಿಷಯ: ತರಗತಿಗಳು ಮುಚ್ಚಿದರೂ ಕ್ಲಿನಿಕ್ ಮುಚ್ಚಬಾರದು. ಎರಡು ತಿಂಗಳು ಬಾಗಿಲು ಹಾಕಿದ ಕ್ಲಿನಿಕ್ಕಿಗೆ ಮರುಭೇಟಿಯ ರೋಗಿ ತಿರುಗಿ ಬರುವುದಿಲ್ಲ, ಬೇರೆಡೆ ಹೋಗಿಬಿಡುತ್ತಾರೆ.

ಮೊದಲ ಬ್ಯಾಚ್ ಮತ್ತು ಭಾಷೆ

ಹೊಸ ಕಾಲೇಜಿನ ಮೊದಲ ಬ್ಯಾಚಿಗೆ ಒಂದು ವಿಶೇಷ ಕಷ್ಟವಿದೆ: ನೋಡಿ ಕಲಿಯಲು ಹಿರಿಯ ವಿದ್ಯಾರ್ಥಿಗಳೇ ಇರುವುದಿಲ್ಲ. ಅದಕ್ಕಾಗಿ ಕ್ಲಿನಿಕ್ಕನ್ನು ಮೊದಲ ತರಗತಿಗಿಂತ ಕನಿಷ್ಠ ಒಂದು ವರ್ಷ ಮುಂಚೆ, ನೋಂದಾಯಿತ ಆಸ್ಟಿಯೋಪಾತ್‌ಗಳಿಂದಲೇ ಶುರುಮಾಡಿಸಿ. ರೋಗಿಗಳ ಪಟ್ಟಿ ಬೆಳೆಯುತ್ತದೆ, ದಾಖಲೆಯ ಪದ್ಧತಿ ಪಳಗುತ್ತದೆ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನೋಡಲು ನಿಜವಾದ ಕೆಲಸ ಸಿಗುತ್ತದೆ. ಮುಂದೆ ಇಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ ಎಂಬುದನ್ನು ರೋಗಿಗಳಿಗೆ ಮೊದಲ ದಿನವೇ ತಿಳಿಸಿ. ಮೂರನೇ ವರ್ಷದಲ್ಲಿ ಏಕಾಏಕಿ ಹೇಳಿದರೆ ಹಲವರು ಬಿಟ್ಟುಹೋಗುತ್ತಾರೆ.

ಅಂತಾರಾಷ್ಟ್ರೀಯ ಕಾಲೇಜಿನಲ್ಲಿ ಭಾಷೆ ಎರಡು ಕಡೆ ತೊಡಕಾಗುತ್ತದೆ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು, ರೋಗಿ ಮಾತಾಡುವುದು ಆ ಊರಿನ ಭಾಷೆಯಲ್ಲಿ. ನೋವು ಸೆಳೆಯುತ್ತದೆಯೋ, ಚುಚ್ಚುತ್ತದೆಯೋ, ಜೋಮು ಹಿಡಿಯುತ್ತದೆಯೋ, ಉರಿಯೋ ಎಂಬ ವ್ಯತ್ಯಾಸ ತಿಳಿಯದವನಿಗೆ ನರದ ನೋವು ಮತ್ತು ಸ್ನಾಯುವಿನ ನೋವು ಬೇರೆಬೇರೆಯಾಗಿ ಕಾಣುವುದಿಲ್ಲ. ಮೂತ್ರದ ಬಗ್ಗೆ, ತೊಡೆಸಂದಿನ ಮರಗಟ್ಟುವಿಕೆಯ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಸಂಕೋಚದಿಂದಲೋ ಪದ ಸಿಗದೆಯೋ ಬಿಟ್ಟರೆ ಬೆನ್ನುಹುರಿಯ ಕೆಳತುದಿಯ ನರಗಳು ಅದುಮಿಕೊಂಡಿರುವುದು ತಪ್ಪಿಹೋಗಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ಆದ್ದರಿಂದ ಮೊದಲ ಎರಡು ವರ್ಷ ವಾರಕ್ಕೆ ಮೂರು ಗಂಟೆ ಸ್ಥಳೀಯ ಭಾಷೆ ಕಲಿಸಿ. ಬಿ2 ಮಟ್ಟದ (ಯುರೋಪಿನ ಭಾಷಾ ಅಳತೆಯಲ್ಲಿ ಮಧ್ಯಮಕ್ಕಿಂತ ಮೇಲಿನ ಹಂತ) ಪರೀಕ್ಷೆಯ ಜೊತೆಗೆ ರೋಗಿಯ ಪಾತ್ರಧಾರಿಯೊಂದಿಗೆ ರೋಗಚರಿತ್ರೆ ತೆಗೆಯುವ ಪರೀಕ್ಷೆಯನ್ನೂ ಇಟ್ಟು, ಎರಡರಲ್ಲೂ ಪಾಸಾದವರನ್ನು ಮಾತ್ರ ಕ್ಲಿನಿಕ್ಕಿಗೆ ಬಿಡಿ. ಸಹಪಾಠಿಯನ್ನು ದುಭಾಷಿಯಾಗಿ ನಿಲ್ಲಿಸುವುದು ತುರ್ತಿಗೆ ಸರಿ, ವ್ಯವಸ್ಥೆಯಾಗಿ ಸಲ್ಲದು. ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲೇ ಇರಬೇಕು.

ತಂತ್ರ ಕಲಿಸುವ ಕೋಣೆ

ಇಬ್ಬರಿಗೆ ಒಂದು ಚಿಕಿತ್ಸಾ ಮಂಚ. ಮೂವರಿಗೆ ಒಂದಾದರೆ ಒಬ್ಬರು ಯಾವಾಗಲೂ ಸುಮ್ಮನೆ ನಿಂತಿರುತ್ತಾರೆ. 24 ಜನರಿಗೆ 12 ಮಂಚ, ಸುತ್ತಲೂ ಓಡಾಡಲು ಜಾಗ ಸೇರಿ ಮಂಚಕ್ಕೆ ಸುಮಾರು ಏಳು ಚದರ ಮೀಟರ್. ಎತ್ತರ ಹೊಂದಿಸಬಲ್ಲ ಮಂಚವನ್ನೇ ಕೊಳ್ಳಿ: 50ರಿಂದ 90 ಸೆಂಟಿಮೀಟರ್‌ವರೆಗೆ ಏರಿಳಿಯಬೇಕು, ಅಗಲ 65ರ ಆಸುಪಾಸು, ಮುಖ ಇಡಲು ಕಿಂಡಿ. ಎತ್ತರ ಬದಲಾಗದ ಅಗ್ಗದ ಮಂಚದಲ್ಲಿ ಕುಳ್ಳಗಿನವರು ತೋಳಿನಿಂದ ತಳ್ಳಲು, ಎತ್ತರದವರು ಬೆನ್ನು ಬಗ್ಗಿಸಲು ಕಲಿಯುತ್ತಾರೆ. ಆ ಅಭ್ಯಾಸ ಮುಂದೆ ತಿದ್ದಲಾಗದು, ಅವರ ಬೆನ್ನೇ ಮೊದಲು ಕೆಡುತ್ತದೆ. ಹತ್ತರಿಂದ ಹನ್ನೆರಡು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಬೇಕು.

ಕಲಿಸುವ ಕ್ರಮ: ಮೊದಲ ವಾರದಿಂದಲೇ ಸ್ಪರ್ಶ, ಮೂಳೆಯ ಗುರುತುಗಳನ್ನು ಬೆರಳಲ್ಲಿ ಹುಡುಕುವುದು. ಮೊದಲ ವರ್ಷ ಮೃದು ಅಂಗಾಂಶದ ಕೆಲಸ ಮತ್ತು ಕೀಲನ್ನು ನಿಧಾನವಾಗಿ ಆಡಿಸುವುದು. ಎರಡನೇ ವರ್ಷ ಮಸಲ್ ಎನರ್ಜಿ ತಂತ್ರ (ಚಿಕಿತ್ಸಕರ ಕೈಗೆ ಎದುರಾಗಿ ರೋಗಿಯೇ ಸ್ನಾಯು ಬಿಗಿಹಿಡಿಯುವುದು), ಆಮೇಲೆ ಕೀಲಿಗೆ ಥಟ್ಟನೆ ಒತ್ತು ಕೊಡುವ, ನೆಟಿಗೆಯ ಸದ್ದು ಬರುವ ಹೈ ವೆಲಾಸಿಟಿ ಥ್ರಸ್ಟ್. ಅದೂ ಮೊದಲು ಎದೆಬೆನ್ನಿಗೆ ಮತ್ತು ಸೊಂಟಕ್ಕೆ. ಕುತ್ತಿಗೆಯ ಥ್ರಸ್ಟ್ ಎಲ್ಲಕ್ಕೂ ಕೊನೆಗೆ. ಹೊಸದಾಗಿ ಬಂದ ತೀವ್ರ ತಲೆನೋವು ಅಥವಾ ಕುತ್ತಿಗೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಇವು ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರುವುದರ ಲಕ್ಷಣವಾಗಿರಬಹುದು ಎಂಬ ಪಾಠ ಮುಗಿದು, ಅದರಲ್ಲಿ ಪರೀಕ್ಷೆಯೂ ಪಾಸಾದ ನಂತರವೇ ಅಲ್ಲಿಗೆ ಕೈ ಹೋಗಬೇಕು.

ವಿದ್ಯಾರ್ಥಿಗಳು ಅಭ್ಯಾಸ ಮಾಡುವುದು ಒಬ್ಬರ ಮೇಲೊಬ್ಬರು. ಇಲ್ಲಿ ಕಾಲೇಜುಗಳು ಸಡಿಲ ಬಿಡುವುದೇ ಹೆಚ್ಚು. ವರ್ಷದ ಆರಂಭದಲ್ಲಿ ಪ್ರತಿಯೊಬ್ಬರಿಂದ ಆರೋಗ್ಯ ಘೋಷಣೆ ತೆಗೆದುಕೊಳ್ಳಿ: ಹಳೆಯ ಮುರಿತ, ಸಡಿಲ ಕೀಲು, ಸಂಧಿವಾತ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ. ಒಂದೇ ತರಗತಿಯಲ್ಲಿ ಒಬ್ಬರ ಒಂದೇ ಕೀಲಿಗೆ ಪದೇ ಪದೇ ಥ್ರಸ್ಟ್ ಮಾಡುವುದನ್ನು ಬೋಧಕರು ತಡೆಯಬೇಕು. ಬಟ್ಟೆ ಬದಲಿಸಲು ಮರೆ, ಯಾವ ಹಂತದಲ್ಲೂ ಬೇಡ ಎನ್ನುವ ಹಕ್ಕು, ಬೇಡ ಎಂದವರಿಗೆ ಅಂಕದಲ್ಲಿ ಪೆಟ್ಟು ಬೀಳದ ಖಾತ್ರಿ, ಇವು ಲಿಖಿತವಾಗಿರಲಿ. ಬೇರೆಬೇರೆ ದೇಶಗಳಿಂದ ಬಂದವರಿಗೆ ಸ್ಪರ್ಶದ ಬಗ್ಗೆ ಬೇರೆಬೇರೆ ಎಲ್ಲೆಗಳಿರುತ್ತವೆ. ಪ್ರವೇಶಕ್ಕೆ ಮುಂಚೆಯೇ ತರಗತಿ ಹೇಗಿರುತ್ತದೆ ಎಂದು ತೋರಿಸಿದರೆ ಮೊದಲ ತಿಂಗಳಲ್ಲೇ ಬಿಟ್ಟುಹೋಗುವವರು ಕಡಿಮೆಯಾಗುತ್ತಾರೆ.

ಕಪಾಲದ ಆಸ್ಟಿಯೋಪಥಿಯ ಬಗ್ಗೆ ಒಂದು ಮಾತು. ತಲೆಬುರುಡೆಯಲ್ಲಿ ಕೈಗೆ ಸಿಗುವ ಸೂಕ್ಷ್ಮ ಲಯವೊಂದಿದೆ ಎಂಬುದು ಅದರ ನಂಬಿಕೆ. ಅಮೆರಿಕದ ಆಸ್ಟಿಯೋಪಾತ್ ವಿಲಿಯಂ ಸದರ್ಲ್ಯಾಂಡ್ ಪ್ರತಿಪಾದಿಸಿದ ಆ ಲಯವನ್ನು ಇಬ್ಬರು ಪರೀಕ್ಷಕರು ಒಂದೇ ರೀತಿ ಗುರುತಿಸುವುದು ಅಧ್ಯಯನಗಳಲ್ಲಿ ಸ್ಥಿರವಾಗಿ ಕಂಡುಬಂದಿಲ್ಲ. ಅದನ್ನು ಕಲಿಸುವುದಾದರೆ ಈ ಟೀಕೆಯ ಜೊತೆಗೇ ಕಲಿಸಿ, ಮಕ್ಕಳ ಕಾಯಿಲೆ ಗುಣಪಡಿಸುತ್ತದೆಂಬ ಜಾಹೀರಾತು ಎಂದೂ ಕೊಡಬೇಡಿ.

ಶವಚ್ಛೇದನ ಕಲಿಸಲು ಸ್ವಂತ ಶವಾಗಾರ ಕಟ್ಟುವುದು ಬೇಡ. ಅನುಮತಿ, ಸಂರಕ್ಷಣೆ, ಗಾಳಿಯ ವ್ಯವಸ್ಥೆ ಎಲ್ಲ ದುಬಾರಿ. ಹತ್ತಿರದ ವೈದ್ಯಕೀಯ ಕಾಲೇಜಿನೊಡನೆ ಒಪ್ಪಂದ ಮಾಡಿ, ವಿಭಜಿಸಿಟ್ಟ ದೇಹಭಾಗಗಳನ್ನು ನೋಡುವ ಅವಧಿಗಳನ್ನು ಪಡೆಯಿರಿ. ಸ್ವಂತಕ್ಕೆ ಒಂದು ಅಲ್ಟ್ರಾಸೌಂಡ್ ಯಂತ್ರ ಇದ್ದರೆ ಜೀವಂತ ಸ್ನಾಯು ಕೆಲಸ ಮಾಡುವುದನ್ನೇ ತೋರಿಸಬಹುದು.

ಬೋಧಕರು, ಪರೀಕ್ಷೆ

ಒಳ್ಳೆಯ ಚಿಕಿತ್ಸಕರೆಲ್ಲ ಒಳ್ಳೆಯ ಟ್ಯೂಟರ್ ಆಗುವುದಿಲ್ಲ. ಸಾಮಾನ್ಯ ದೋಷವೆಂದರೆ ವಿದ್ಯಾರ್ಥಿ ತಡವರಿಸಿದ ಕೂಡಲೇ ತಾವೇ ಚಿಕಿತ್ಸೆ ಮುಗಿಸಿಬಿಡುವುದು. ಟ್ಯೂಟರ್ ರೋಗಿಯನ್ನು ಮುಟ್ಟುವ ಮೊದಲು ವಿದ್ಯಾರ್ಥಿಯ ರೋಗನಿರ್ಣಯ, ಅದಕ್ಕೆ ಕಾರಣ, ಚಿಕಿತ್ಸಾ ಯೋಜನೆ ಮೂರನ್ನೂ ಕೇಳಬೇಕು ಎಂಬ ನಿಯಮ ಮಾಡಿ. ಇಬ್ಬರು ಟ್ಯೂಟರ್‌ಗಳು ಒಂದೇ ತಂತ್ರವನ್ನು ಎರಡು ಬಗೆಯಲ್ಲಿ ಕಲಿಸಿದರೆ ತಪ್ಪಿಲ್ಲ, ಆದರೆ ಅಂಕ ಕೊಡುವಾಗ ಒಂದೇ ಅಳತೆ ಬೇಕು. ತಿಂಗಳಿಗೊಮ್ಮೆ ಒಂದೇ ವಿಡಿಯೊ ನೋಡಿ ಎಲ್ಲರೂ ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಲಿ.

ಅಂತಿಮ ಪರೀಕ್ಷೆ ಅಪರಿಚಿತ ರೋಗಿಯೊಂದಿಗೆ, ಇಬ್ಬರು ಪರೀಕ್ಷಕರ ಎದುರು ನಡೆಯಲಿ, ಒಬ್ಬರು ಹೊರಗಿನವರಾಗಿರಲಿ. ಅಪಾಯದ ಲಕ್ಷಣವನ್ನು ಗುರುತಿಸದೆ ಹೋದವರು ಉಳಿದದ್ದರಲ್ಲಿ ಎಷ್ಟೇ ಅಂಕ ಪಡೆದಿದ್ದರೂ ಫೇಲ್.

ಅನುಮತಿ ಮತ್ತು ಹಣ

ಮೊದಲ ತರಗತಿಗೆ 24ರಿಂದ 30 ತಿಂಗಳು ಮುಂಚೆ ನೋಂದಣಿ ಸಂಸ್ಥೆಯೊಂದಿಗೆ ಮಾತು ಆರಂಭಿಸಿ. ಸ್ವಂತ ಪದವಿ ನೀಡುವ ಅಧಿಕಾರ ಇಲ್ಲದಿದ್ದರೆ ಒಂದು ವಿಶ್ವವಿದ್ಯಾಲಯ ಬೇಕು. ವಿಶ್ವವಿದ್ಯಾಲಯದ ಮಂಜೂರಾತಿ, ವೃತ್ತಿ ಮಂಡಳಿಯ ಮಾನ್ಯತೆ, ವಿದೇಶಿ ವಿದ್ಯಾರ್ಥಿಗಳ ವೀಸಾ ಪ್ರಾಯೋಜಕತ್ವ ಈ ಮೂರೂ ಬೇರೆಬೇರೆ ಕೆಲಸಗಳು. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಬರುವುದಿಲ್ಲ. ಮಾನ್ಯತೆ ಕೈಗೆ ಬರುವವರೆಗೆ ಜಾಹೀರಾತಿನಲ್ಲಿ ಅರ್ಜಿ ಪರಿಶೀಲನೆಯಲ್ಲಿದೆ ಎಂದಷ್ಟೇ ಬರೆಯಿರಿ.

ನಾಲ್ಕು ವರ್ಷದ ಕೋರ್ಸಿನಲ್ಲಿ ಮೊದಲ ವರ್ಷದ ಶುಲ್ಕ ಪೂರ್ಣ ಆದಾಯದ ಕಾಲುಭಾಗ. ಆದರೆ ಪ್ರಾಂಶುಪಾಲರು, ಆಡಳಿತ, ಮಂಚ, ಕ್ಲಿನಿಕ್ ಎಲ್ಲ ಮೊದಲ ದಿನದಿಂದಲೇ ಬೇಕು. ಟ್ಯೂಟರ್‌ಗಳ ಸಂಬಳ ಸೇರಿಕೊಳ್ಳುವ ಮೂರನೇ ವರ್ಷದಲ್ಲಿ ಕೈ ಅತಿ ಬಿಗಿಯಾಗುತ್ತದೆ. 24 ಜನ ಕೊನೆ ಮುಟ್ಟಬೇಕಾದರೆ 27 ಅಥವಾ 28 ಜನರನ್ನು ಸೇರಿಸಿ, ಆದರೆ 20 ಜನರ ಶುಲ್ಕದಲ್ಲೇ ಖರ್ಚು ತೂಗುವಂತೆ ಲೆಕ್ಕ ಹಾಕಿ. ಕ್ಲಿನಿಕ್ಕಿನ ಶುಲ್ಕ ಕಡಿಮೆಯೇ ಇರಬೇಕಾದ್ದರಿಂದ ಅದು ಲಾಭದ ಬಾಬ್ತು ಆಗದು; ಸ್ವಾಗತ ಸಿಬ್ಬಂದಿ, ಬಟ್ಟೆ ತೊಳೆಯುವುದು, ವಿಮೆ ಇವನ್ನು ತೂಗಿಸಿದರೆ ಸಾಕು.

ಕಾಲೇಜು ಮುಚ್ಚಬೇಕಾಗಿ ಬಂದರೆ ಸೇರಿದವರೆಲ್ಲ ಓದು ಮುಗಿಸುವುದು ಹೇಗೆ ಎಂಬ ಯೋಜನೆಯನ್ನು ಮೊದಲ ಪ್ರವೇಶಕ್ಕೆ ಮುಂಚೆಯೇ ಬರೆದು, ಅದಕ್ಕೆ ಬೇಕಾದ ಹಣವನ್ನು ಕಾಲೇಜಿನ ದಿನವಹಿ ಖಾತೆಗೆ ಸೇರದಂತೆ ಬೇರೆ ಇಡಿ. ವೀಸಾದ ಮೇಲೆ ಬಂದ ವಿದ್ಯಾರ್ಥಿ ಕಾಲೇಜು ಮುಚ್ಚಿದರೆ ದೇಶವನ್ನೇ ಬಿಡಬೇಕಾಗಬಹುದು. ಇನ್ನೊಂದು ಕಾಲೇಜು ಅವರನ್ನು ಎರಡನೇ ಅಥವಾ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ ಎಂಬ ಲಿಖಿತ ಒಪ್ಪಂದ ಇರಲಿ, ಅದರಲ್ಲಿ ಕ್ಲಿನಿಕಲ್ ಗಂಟೆಗಳನ್ನು ಹೇಗೆ ಎಣಿಸುತ್ತಾರೆ ಎಂಬುದೂ ನಮೂದಾಗಿರಲಿ.

ಬೇರೆ ದೇಶದಲ್ಲಿ ಶಾಖೆ ತೆರೆಯುವ ಯೋಚನೆ ಮೊದಲ ಬ್ಯಾಚ್ ಪದವಿ ಪಡೆದು ನೋಂದಣಿಯಾಗುವವರೆಗೆ ಬೇಡ. ತೆರೆದ ಮೇಲೂ, ವಾರಾಂತ್ಯದ ಶಿಬಿರಗಳನ್ನು ಕೂಡಿಸಿ ಸಾವಿರ ಕ್ಲಿನಿಕಲ್ ಗಂಟೆ ಎಂದು ತೋರಿಸುವ ಆಮಿಷಕ್ಕೆ ಬೀಳಬೇಡಿ. ಆ ಶಾಖೆಗೂ ಅದೇ ಲೆಕ್ಕ ಹಾಕಿ: ವಿದ್ಯಾರ್ಥಿಗೆ 100 ಹೊಸ ರೋಗಿಗಳು, ನಾಲ್ಕು ಕೋಣೆಗೆ ಒಬ್ಬ ಟ್ಯೂಟರ್, ಅದೇ ಅಂತಿಮ ಪರೀಕ್ಷೆ, ಅದೇ ಹೊರಗಿನ ಪರೀಕ್ಷಕರು.